ಶ್ರೀಶೈಲಕ್ಕೆ ನಡೆದು ಹೋಗೋಕೆ ದುಡ್ಡು ಯಾಕೆ ಬೇಕು?

ಹೋಳಿ ಹುಣ್ಣಿಮೆ ಹತ್ತಿರ ಬಂತು ಅಂದರೆ ಈ ಪ್ರಶ್ನೆ ಶುರುವಾಗುತ್ತದೆ. ಚಹಾದಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ವಾಟ್ಸಾಪಿನಲ್ಲಿ. "ನಡ್ಕೊಂಡು ಹೋಗೋಕೆ ದುಡ್ಡು ಯಾಕ್ರೀ ಬೇಕು? ದಾರಿ ತುಂಬ ಊಟ ಫ್ರೀ ಅಲ್ವಾ?"

ನಾನು ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯವನು. ಪವರ್‌ಲೂಮಿನಲ್ಲಿ ಸೀರೆ ನೇಯುವ ಕೆಲಸ. ಏಳು ಸಲ ಶ್ರೀಶೈಲಕ್ಕೆ ನಡೆದು ಹೋಗಿದ್ದೇನೆ, ಐದು ವರ್ಷದಿಂದ ನಮ್ಮ ಗುಂಪಿನ ಲೆಕ್ಕದ ಪುಸ್ತಕ ನನ್ನ ಹತ್ತಿರವೇ ಇದೆ. ಅದಕ್ಕೇ ಎಲ್ಲರೂ ನನ್ನನ್ನೇ ಹಿಡಿದು ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಮೊದಲು ನೀವು ಕೇಳಿದ ಲೆಕ್ಕವನ್ನೇ ಕೊಡುತ್ತೇನೆ. ಹೋಳಿ ಹುಣ್ಣಿಮೆ ಮುಗಿಸಿ ಹೊರಟರೆ ಯುಗಾದಿಗೆ ಶ್ರೀಶೈಲದ ಮಲ್ಲಿಕಾರ್ಜುನನ, ಅಂದರೆ ನಮ್ಮ ಮಲ್ಲಯ್ಯನ ಮುಂದೆ ಇರಬೇಕು. ನಡುವೆ ಸಿಗುವುದು ಹದಿನಾಲ್ಕು, ಹದಿನೈದು ದಿನ ಅಷ್ಟೇ. ದಾರಿ ಹೆಚ್ಚು ಕಡಿಮೆ 500 ಕಿಲೋಮೀಟರ್: ಬಾಗಲಕೋಟೆ, ಹುನಗುಂದ, ಲಿಂಗಸುಗೂರು, ರಾಯಚೂರು, ಆಮೇಲೆ ಕರ್ನೂಲು, ಆತ್ಮಕೂರು, ಕೊನೆಗೆ ನಲ್ಲಮಲ ಕಾಡು. ದಿನಕ್ಕೆ 35 ಕಿಲೋಮೀಟರ್ ಬೀಳುತ್ತದೆ. ಆ ಹೊತ್ತಿಗೆ ರಾಯಚೂರು, ಕರ್ನೂಲು ಕಡೆ ಬಿಸಿಲು ಸುಡಲು ಶುರುವಾಗಿರುತ್ತದೆ, ಅದಕ್ಕೇ ಬೆಳಗಿನ ಜಾವ ಮೂರಕ್ಕೆ ಎದ್ದು ನಡೆಯುತ್ತೇವೆ, ಮಧ್ಯಾಹ್ನ ಎಲ್ಲಿ ನೆರಳು ಸಿಕ್ಕಿತೋ ಅಲ್ಲೇ ಮಲಗುತ್ತೇವೆ, ಸಂಜೆ ಮತ್ತೆ ಹೊರಡುತ್ತೇವೆ.

ಹೋದ ವರ್ಷ ನಾವು 22 ಜನ. ಹೆಗಲ ಮೇಲೆ ಮಲ್ಲಯ್ಯನ ಕಂಬಿ (ಕಾವಡಿಯಂಥದ್ದು) ಇರುವಾಗ ಹಾಸಿಗೆ ಪಾತ್ರೆ ಹೊರಲು ಆಗುವುದಿಲ್ಲ, ಸಾಮಾನಿಗೆ ಒಂದು ಟಾಟಾ ಏಸ್ ಬೇಕೇ ಬೇಕು. ಡೀಸೆಲ್, ಡ್ರೈವರ್ ಬತ್ತೆ ಸೇರಿ ದಿನಕ್ಕೆ 2,000ದಂತೆ 15 ದಿನಕ್ಕೆ 30,000 ರೂಪಾಯಿ. ದಾಸೋಹ ಸಿಗದ ಕಡೆ ನಾವೇ ಅಡುಗೆ ಮಾಡಲು ಕಿರಾಣಿ 10,000. ಕಾಲಿಗೆ ಮುಲಾಮು, ಬ್ಯಾಂಡೇಜು, ಓಆರ್‌ಎಸ್ ಪುಡಿ, ಮಾತ್ರೆ 3,500. ಯಾರಿಗಾದರೂ ಏನಾದರೂ ಆದರೆ ಅಂತ ಮುಟ್ಟದೆ ಇಟ್ಟ ದುಡ್ಡು 7,000. ವಾಪಸ್ ಬರುವ ಬಸ್ಸಿಗೆ ತಲೆಗೆ 700ರಂತೆ 15,400. (ಹೆಣ್ಣುಮಕ್ಕಳಿಗೆ ಬಸ್ ಫ್ರೀ ಅಲ್ವಾ ಅಂತಲೂ ಕೇಳುತ್ತಾರೆ. ಶಕ್ತಿ ಯೋಜನೆ ರಾಜ್ಯದ ಒಳಗೆ ಮಾತ್ರ. ಶ್ರೀಶೈಲ ಆಂಧ್ರದಲ್ಲಿದೆ.) ಎಲ್ಲ ಸೇರಿ 65,900. ತಲೆಗೆ 3,000 ಅಂತ ಹಿಡಿದಿದ್ದೆವು, ನೂರು ರೂಪಾಯಿ ಉಳಿಯಿತು, ಆ ನೂರೂ ಪುಸ್ತಕದಲ್ಲಿ ಬರೆದಿದೆ.

ದುಡ್ಡು ಕೂಡಿಸುವುದು ಭಿಶಿಯಿಂದ. ಬೇರೆ ಕಡೆ ಇದಕ್ಕೆ ಚೀಟಿ ಅನ್ನುತ್ತಾರೆ. ದೀಪಾವಳಿಗೆ ಮುಂಚೆಯೇ ಶುರು. ವಾರದ ಬಟವಾಡೆ ಕೈಗೆ ಬಂದ ದಿನವೇ ಒಬ್ಬೊಬ್ಬರು ದಾರಿ ಖರ್ಚಿಗೆ 150 ರೂಪಾಯಿ ತಂದು ಕೊಡಬೇಕು. ಇಪ್ಪತ್ತು ವಾರಕ್ಕೆ 3,000 ಆಗುತ್ತದೆ. ನೇಕಾರನ ಕೈಯಲ್ಲಿ ಒಟ್ಟಿಗೆ ಮೂರು ಸಾವಿರ ನಿಲ್ಲುವುದಿಲ್ಲ, ವಾರಕ್ಕೆ ನೂರೈವತ್ತು ಹೇಗೋ ತೆಗೆದಿಡಬಹುದು. ದೇಣಿಗೆ ಪಟ್ಟಿ ಹಿಡಿದುಕೊಂಡು ಅಂಗಡಿ ಅಂಗಡಿ ತಿರುಗುವುದಿಲ್ಲ. ಒಮ್ಮೆ ಒಬ್ಬರು 25,000 ಕೊಡುತ್ತೇನೆ, ಗಾಡಿಗೆ ನನ್ನ ಫೋಟೋ ಇರುವ ಬ್ಯಾನರ್ ಕಟ್ಟಿ ಅಂದರು. ಗುಂಪಿನಲ್ಲಿ ದೊಡ್ಡ ಜಗಳವೇ ಆಯಿತು. ಕಟ್ಟಲಿಲ್ಲ. ಇಬ್ಬರು ಸಿಟ್ಟಾಗಿ ಬಿಟ್ಟು ಹೋದರು. ಈಗಲೂ ನನಗೆ ಅದು ಸರಿ ಅನ್ನಿಸುತ್ತದೆ. ಆ ಗಾಡಿಯಲ್ಲಿ ಮಲ್ಲಯ್ಯನ ಕಂಬಿ ವಾಪಸ್ ಬರುತ್ತದೆ, ಅದರ ಮೇಲೆ ಬೇರೆಯವರ ಮುಖ ಯಾಕೆ?

ಇಷ್ಟು ಹೇಳಿದ ಮೇಲೂ ಒಬ್ಬರು ಇರುತ್ತಾರೆ. "ಅಕ್ಕಮಹಾದೇವಿ ದುಡ್ಡು ಎಣಿಸಿಕೊಂಡು ಶ್ರೀಶೈಲಕ್ಕೆ ಹೋದಳಾ?" ಅಂತ ಕೇಳುತ್ತಾರೆ. ಹೋದ ತಿಂಗಳು ಒಂದು ಮದುವೆಯಲ್ಲಿ ಕೇಳಿದರು, ಸುತ್ತ ಕೂತವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅಕ್ಕ ಮನೆ, ಅರಮನೆ ಎಲ್ಲ ಬಿಟ್ಟು ಚೆನ್ನಮಲ್ಲಿಕಾರ್ಜುನನನ್ನು ಹುಡುಕಿಕೊಂಡು ಹೋದವಳು, ಶ್ರೀಶೈಲದ ಕದಳಿ ವನದಿಂದ ತಿರುಗಿ ಬರಲಿಲ್ಲ. ನಾವು ತಿರುಗಿ ಬರುವವರು. ನಮಗೆ ಮಕ್ಕಳಿದ್ದಾರೆ, ಸಾಲವಿದೆ, ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇದೆ. ತಿರುಗಿ ಬರುವವನು ಲೆಕ್ಕ ಇಡಬೇಕು.

ಇನ್ನು ಆ 'ಫ್ರೀ' ಅನ್ನುವ ಮಾತು. ನನಗೆ ಜಾಸ್ತಿ ಸಿಟ್ಟು ಬರುವುದು ಅದಕ್ಕೇ.

ಮೊದಲ ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ಆಗ ನಮ್ಮಲ್ಲಿ ಭಿಶಿ ಇರಲಿಲ್ಲ. ಹೋಗಲೇಬೇಕು ಅನ್ನಿಸಿತು, ಮೂರರ ಬಡ್ಡಿಗೆ 5,000 ಸಾಲ ತಂದೆ, ಹೆಂಡತಿ ಕೈಗೆ 500 ಕೊಟ್ಟೆ, ಹೊರಟೆ. ಹದಿನೇಳು ದಿನಕ್ಕೆ ಐನೂರು. ಇಬ್ಬರು ಮಕ್ಕಳು, ನಮ್ಮವ್ವ, ಅವಳು. ಆ ಹೊತ್ತಿಗೆ ಅದು ಕಡಿಮೆ ಅಂತ ನನಗೆ ಅನ್ನಿಸಲೇ ಇಲ್ಲ.

ಲಿಂಗಸುಗೂರು ದಾಟಿದ ಮಾರನೇ ದಿನ. ರಸ್ತೆ ಪಕ್ಕ ಒಂದು ಬೇವಿನ ಮರ, ಅದರ ಕೆಳಗೆ ಒಬ್ಬ ಮುದುಕಿ. ಪೆಂಡಾಲಿಲ್ಲ, ಮೈಕಿಲ್ಲ, ಬೋರ್ಡಿಲ್ಲ. ಒದ್ದೆ ಗೋಣಿಚೀಲ ಸುತ್ತಿದ ಕೊಡದ ತುಂಬ ಮಜ್ಜಿಗೆ, ನಾಲ್ಕು ಸ್ಟೀಲ್ ಲೋಟ. ಒಬ್ಬಳೇ ಕೊಡುತ್ತಿದ್ದಳು, ಒಬ್ಬಳೇ ಲೋಟ ತೊಳೆಯುತ್ತಿದ್ದಳು. ನಾನು ಎರಡು ಲೋಟ ಕುಡಿದೆ. ಮೂರನೆಯದಕ್ಕೆ ಕೈ ಚಾಚಿದಾಗ ಕೇಳಿದಳು.

"ಯಾವೂರೋ ತಮ್ಮಾ?"

"ಬನಹಟ್ಟಿ ಬೇ."

"ಮನ್ಯಾಗ ಏನ ಇಟ್ಟ ಬಂದೀ?"

ನನಗೆ ಅರ್ಥವಾಗಲಿಲ್ಲ. ಯಾರ್ಯಾರು ಇದ್ದಾರೆ ಅಂತ ಕೇಳಿದಳೇನೋ ಅಂದುಕೊಂಡು ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. "ಅದಲ್ಲ. ನೀ ಬರೂತನಕ ಅವ್ರ ಉಣ್ಣಾಕ ಏನ ಇಟ್ಟ ಬಂದೀ?"

"ಮಲ್ಲಯ್ಯ ನೋಡ್ಕೋತಾನ ಬಿಡಬೇ," ಅಂದೆ. ದಾರಿಯಲ್ಲಿ ಎಲ್ಲರೂ ಅನ್ನುವ ಮಾತು, ನನ್ನ ಬಾಯಲ್ಲೂ ತಾನಾಗಿ ಬಂತು.

ಅವಳು ಲೋಟ ತುಂಬಿಸುತ್ತಿದ್ದವಳು ನಿಲ್ಲಿಸಿದಳು. "ಮಲ್ಲಯ್ಯ ಬಂದು ನನ್ನ ಎಮ್ಮಿ ಹಿಂಡಂಗಿಲ್ಲೋ ಯಪ್ಪಾ. ನಾ ಹಿಂಡತೀನಿ, ನೀ ಕುಡೀತಿ."

ಆಮೇಲೆ ಲೋಟ ತುಂಬಿಸಿಯೇ ಕೊಟ್ಟಳು. ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಮಾತಾಡುತ್ತಾ ಗೊತ್ತಾಯಿತು, ಎರಡು ಎಮ್ಮೆ, ಡೇರಿಗೆ ಹಾಲು ಹಾಕುತ್ತಾಳೆ, ಸಂಸಾರ ನಡೆಯುವುದು ಅದರಿಂದಲೇ. ಪಾದಯಾತ್ರೆಯವರು ಆ ರಸ್ತೆಯಲ್ಲಿ ಹೋಗುವ ಎಂಟು ದಿನ ಡೇರಿಗೆ ಒಂದು ಹನಿಯೂ ಹಾಕುವುದಿಲ್ಲ. ಪೂರ್ತಿ ಹೆಪ್ಪು ಹಾಕಿ ಮಜ್ಜಿಗೆ ಮಾಡಿ ಮರದ ಕೆಳಗೆ ತರುತ್ತಾಳೆ. ಆ ಎಂಟು ದಿನಕ್ಕೆ ಬೇಕಾಗುವ ಜೋಳ, ಎಮ್ಮೆಗೆ ಹಿಂಡಿ, ಎಲ್ಲ ಸಂಕ್ರಾಂತಿಯಿಂದಲೇ ತೆಗೆದಿಡುತ್ತಾಳಂತೆ. ನನ್ನ ಕೈಯಲ್ಲಿದ್ದ ಲೋಟ ಫ್ರೀ ಆಗಿದ್ದು ಹೀಗೆ.

ಆ ರಾತ್ರಿ ಮನೆಗೆ ಫೋನ್ ಮಾಡಿದೆ. ಹೆಂಡತಿ ನಡಿಗೆ ಹೇಗಿದೆ, ಕಾಲಿಗೆ ಗುಳ್ಳೆ ಎದ್ದಿವೆಯಾ ಅಂತ ಕೇಳಿದಳು. ನಾನು ದುಡ್ಡಿದೆಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮೂರನೇ ದಿನವೇ ಮಗ್ಗದ ಮಾಲೀಕರ ಮನೆಗೆ ಹೋಗಿ ನನ್ನ ಹೆಸರಲ್ಲಿ 1,500 ಮುಂಗಡ ತಂದಿದ್ದಳು. ದೇವರ ದಾರಿಯಲ್ಲಿ ಇದ್ದವನಿಗೆ ಇದನ್ನೆಲ್ಲ ಯಾಕೆ ಹೇಳುವುದು ಅಂತ ಹೇಳಿರಲಿಲ್ಲ.

ಹಾಗಾಗಿ ನಡೆಯೋಕೆ ದುಡ್ಡು ಯಾಕೆ ಅಂತ ಕೇಳುವವರಿಗೆ ನನ್ನ ಪೂರ್ತಿ ಲೆಕ್ಕ ಇದು. ಗುಂಪಿಗೆ 3,000. ಚಪ್ಪಲಿ, ಬ್ಯಾಟರಿ, ಕೈಖರ್ಚು, ಭ್ರಮರಾಂಬೆಗೆ ಉಡಿ ತುಂಬುವ ಸಾಮಾನು 1,500. ಅವಳು ನಮ್ಮ ಕನ್ನಡ ನಾಡಿನ ಮಗಳು, ಮಲ್ಲಯ್ಯ ಅಳಿಯ ಅಂತ ನಾವು ನಂಬಿದವರು, ತವರಿನಿಂದ ಹೋಗುವವರು ಸೀರೆ, ಕುಪ್ಪಸ, ಬಳೆ ಇಲ್ಲದೆ ಬರಿಗೈಯಲ್ಲಿ ಹೋಗುತ್ತೇವಾ? ಇನ್ನು ಹೋಗುವ ದಿನ, ಬರುವ ದಿನ, ಬಂದ ಮೇಲೆ ಊರಲ್ಲಿ ಐದೇಶಿ ಪೂಜೆ, ಕಾಲು ಸರಿಯಾಗುವ ದಿನ ಎಲ್ಲ ಸೇರಿ ಎರಡೂವರೆ ವಾರ ಮಗ್ಗ ನಿಲ್ಲುತ್ತದೆ. ವಾರಕ್ಕೆ 3,000ದಂತೆ 7,500 ಕೂಲಿ ಹೋಯಿತು. ಒಟ್ಟು 12,000. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ನಾನು ಖರ್ಚು ಮಾಡಿದ್ದಲ್ಲ, ದುಡಿಯದೆ ಬಿಟ್ಟಿದ್ದು. ಅದನ್ನು ಯಾರೂ ಕೇಳುವುದಿಲ್ಲ. ಊಟಕ್ಕೆ ಎಷ್ಟು, ಗಾಡಿಗೆ ಎಷ್ಟು ಅಂತಲೇ ಕೇಳುತ್ತಾರೆ.

ನನ್ನನ್ನು ಏನಾದರೂ ಕೇಳಬೇಕು ಅಂದರೆ ಆ ಮುದುಕಿ ಕೇಳಿದ್ದನ್ನು ಕೇಳಿ. ಮನೆಯಲ್ಲಿ ಏನು ಇಟ್ಟು ಬಂದೆ?

ಈಗ ನಮ್ಮ ಭಿಶಿ ವಾರಕ್ಕೆ 150 ಅಲ್ಲ, 300. ಅರ್ಧ ದಾರಿಗೆ, ಅರ್ಧ ಮನೆಗೆ. ಮನೆಯ 3,000ವನ್ನು ಹೋಳಿಯ ದಿನ ನಾನೇ ಮನೆ ಮನೆಗೆ ಹೋಗಿ ಒಲೆ ಹಚ್ಚುವವರ ಕೈಗೆ ಕೊಟ್ಟು ಬರುತ್ತೇನೆ. ಗುಂಪಿನಲ್ಲಿ ಆರು ಜನ ಹೆಣ್ಣುಮಕ್ಕಳಿದ್ದಾರೆ, ಅವರದ್ದು ಅತ್ತೆಯ ಕೈಗೋ ಗಂಡನ ಕೈಗೋ ಹೋಗುತ್ತದೆ. ಈ ಅರ್ಧ ಕಟ್ಟದವರನ್ನು ಕರೆದುಕೊಂಡು ಹೋಗುವುದಿಲ್ಲ. ಕೆಲವರು ಬೈದಿದ್ದಾರೆ, ದೇವರ ಹತ್ತಿರ ಹೋಗೋಕೆ ನಿಮ್ಮ ಪರ್ಮಿಷನ್ ಬೇಕಾ ಅಂತ. ಬೇಡ, ಒಬ್ಬರೇ ಹೋಗಬಹುದು, ದಾರಿ ಎಲ್ಲರದ್ದು.

ಕಾಡಿನ ದಾರಿಯಲ್ಲಿ ಭೀಮುನಿ ಕೊಳನು ಅಂತ ಒಂದು ಆಳವಾದ ಕಣಿವೆ ಇದೆ. ಇಳಿದು ಮತ್ತೆ ಕೈಲಾಸ ದ್ವಾರಕ್ಕೆ ಹತ್ತಬೇಕು. ಅಲ್ಲಿ ಕಲ್ಲಿನ ಮೆಟ್ಟಿಲುಗಳಿವೆ. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ್ದು 14ನೇ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಅನ್ನುತ್ತಾರೆ. ಮೊದಲ ಸಲ ಹತ್ತುವಾಗ ಉಸಿರು ಸಿಕ್ಕಿಹಾಕಿಕೊಂಡು ಏನೂ ತೋಚಿರಲಿಲ್ಲ. ಈಗ ಹತ್ತುವಾಗೆಲ್ಲ ಆ ಕಲ್ಲು ಹೊತ್ತವರ ನೆನಪಾಗುತ್ತದೆ, ಅವರಿಗೆ ಆ ದಿನದ ಕೂಲಿ ಸಿಕ್ಕಿತ್ತಾ ಅಂತ.

ಮಾರನೇ ವರ್ಷ ಅದೇ ಬೇವಿನ ಮರದ ಹತ್ತಿರ ಹುಡುಕಿಕೊಂಡು ಹೋದೆ. ನಾನೇ ನೇಯ್ದ ಒಂದು ಸೀರೆ ಚೀಲದಲ್ಲಿತ್ತು. ಅವಳಿದ್ದಳು, ಕೊಡ ಇತ್ತು. ನನ್ನ ಗುರುತು ಸಿಗಲಿಲ್ಲ. ಲೋಟ ಕೈಗೆ ಕೊಡುವ ಮುಂಚೆಯೇ ಕೇಳಿದಳು, "ಮನ್ಯಾಗ ಏನ ಇಟ್ಟ ಬಂದೀ ತಮ್ಮಾ?"

"ಮೂರು ಸಾವಿರ ಬೇ. ಜ್ವಾಳಾನೂ ಹಾಕಿಸಿ ಬಂದೀನಿ."

"ಚಲೋ ಆತು, ಕುಡಿ," ಅಂದಳು. ನಾನು ಸೀರೆ ತೆಗೆಯುವಷ್ಟರಲ್ಲಿ ನನ್ನ ಹಿಂದೆ ನಿಂತಿದ್ದ ಹುಡುಗನ ಕಡೆ ತಿರುಗಿ ಅದನ್ನೇ ಕೇಳುತ್ತಿದ್ದಳು.