ಕೈಚೀಲದಲ್ಲಿದ್ದ ನಾಲ್ಕು ಶೀಟು

ಮಲೆನಾಡಿನಲ್ಲಿ ಅಡಿಕೆ ಸುಲಿಗೆ ಶುರುವಾಯಿತೆಂದರೆ ಸಂಜೆ ಹೊತ್ತು ಔಷಧಿ ಅಂಗಡಿಯಲ್ಲಿ ಕೇಳುವ ಮಾತು ಒಂದೇ: "ಮೈಕೈ ನೋವಿಗೆ ಎರಡು ಮಾತ್ರೆ ಕೊಡಿ." ಮೆಟ್ಟುಗತ್ತಿಯ ಮುಂದೆ ಕೂತೂ ಕೂತೂ ಸೊಂಟ ಹಿಡಿದಿರುತ್ತದೆ. ಆವತ್ತು ಬಂದ ಅರವತ್ತರ ಆಸುಪಾಸಿನ ಅಮ್ಮ ಮಾತ್ರೆಯ ಹೆಸರು ನೆನಪಾಗದೆ ಕೈಚೀಲವನ್ನೇ ಕೌಂಟರಿನ ಮೇಲೆ ಸುರಿದರು. ಎಲೆಅಡಿಕೆ, ಬಸ್ ಟಿಕೆಟು, ನಾಲ್ಕು ತುಂಡು ಶೀಟು. ಒಂದರ ಹೆಸರು ಕತ್ತರಿಗೆ ಸಿಕ್ಕಿ ಹೋಗಿ, ಹಿಂಬದಿಯ ಸಣ್ಣಕ್ಷರವಷ್ಟೇ ಉಳಿದಿತ್ತು. ಬಿಡಿ ಮಾತ್ರೆ ಮಾರುವವರ ದುರಭ್ಯಾಸ ಇದು.

ಆ ಸಣ್ಣಕ್ಷರ ಓದಿದಾಗ ಲೆಕ್ಕ ಹೊರಬಿತ್ತು. ಅಸೆಕ್ಲೋಫೆನಾಕ್ 100 ಮಿ.ಗ್ರಾಂ ಮತ್ತು ಪ್ಯಾರಾಸಿಟಮಾಲ್ 325 ಸೇರಿದ ನೋವಿನ ಮಾತ್ರೆ, ದಿನಕ್ಕೆ ಎರಡು. ಇನ್ನೊಂದು ಅಂಗಡಿಯ ನೋವಿನ ಮಾತ್ರೆ ಡೈಕ್ಲೋಫೆನಾಕ್ 50, ಅದೂ ಎರಡು. ನೆಗಡಿಗೆಂದು ತಂದ ಪ್ಯಾರಾಸಿಟಮಾಲ್ 650, ನಾಲ್ಕು. ಕೊನೆಯದು ಬಿಪಿ ಮಾತ್ರೆ: ಟೆಲ್ಮಿಸಾರ್ಟಾನ್ 40, ಜೊತೆಗೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ 12.5.

ಪ್ಯಾರಾಸಿಟಮಾಲ್ ಕೂಡಿಸಿದರೆ 3,250 ಮಿ.ಗ್ರಾಂ. 24 ಗಂಟೆಗೆ ಹೆಚ್ಚೆಂದರೆ 4,000 ಅನ್ನುವುದು ಗಟ್ಟಿಮುಟ್ಟಾದ ವಯಸ್ಕರ ಲೆಕ್ಕ. 45 ಕಿಲೋ ತೂಗುವವರಿಗೆ, ಊಟ ಬಿಟ್ಟವರಿಗೆ, ಕುಡಿಯುವವರಿಗೆ ಅಷ್ಟು ಸಲ್ಲದು. ಪ್ಯಾರಾಸಿಟಮಾಲನ್ನು ಒಡೆಯುವಾಗ ಹುಟ್ಟುವ ವಿಷವನ್ನು ಲಿವರಿನಲ್ಲಿರುವ ಗ್ಲುಟಾಥಯೋನ್ ಎಂಬ ವಸ್ತು ಅಡಗಿಸುತ್ತದೆ. ಗ್ಲುಟಾಥಯೋನ್ ಬರಿದಾದರೆ ವಿಷ ಲಿವರನ್ನೇ ತಿನ್ನುತ್ತದೆ.

ಆದರೂ ಇಲ್ಲಿ ಹೆಚ್ಚು ಹೆದರಿಸಿದ್ದು ಮೊದಲೆರಡು ಶೀಟು. ಅಸೆಕ್ಲೋಫೆನಾಕ್ 200 ಅಂದರೆ ಅದೇ ದಿನದ ಪೂರ್ತಿ ಡೋಸು. ಅದರ ಮೇಲೆ ಒಡಹುಟ್ಟಿದಂಥ ಡೈಕ್ಲೋಫೆನಾಕ್ 100. ಎರಡು ನುಂಗಿದರೆ ನೋವು ಎರಡು ಪಟ್ಟು ಇಳಿಯುವುದಿಲ್ಲ, ಕಾಟ ಮಾತ್ರ ಕೂಡುತ್ತದೆ. ಇವು ತಡೆಯುವ ಪ್ರೋಸ್ಟಾಗ್ಲಾಂಡಿನ್ ಎಂಬ ಮೈಯೊಳಗಿನ ರಾಸಾಯನಿಕ ನೋವು ಎಬ್ಬಿಸುವುದು ನಿಜ. ಆದರೆ ಜಠರದ ಒಳಪದರವನ್ನು ಕಾಯುವುದೂ, ಕಿಡ್ನಿಗೆ ರಕ್ತ ಬರುವ ನಾಳವನ್ನು ತೆರೆದಿಡುವುದೂ ಅದೇ. ನೋವಿನ ಮಾತ್ರೆಯಿಂದ ಒಳಬರುವ ನಲ್ಲಿ ಸಣ್ಣದಾಯಿತು. ಟೆಲ್ಮಿಸಾರ್ಟಾನ್‌ನಿಂದ ಹೊರಹೋಗುವ ನಲ್ಲಿ ದೊಡ್ಡದಾಯಿತು. ಮೂತ್ರದ ಮಾತ್ರೆಯಿಂದ ಟ್ಯಾಂಕಿಯಲ್ಲೇ ನೀರು ಕಮ್ಮಿ. ಸೋಸಲು ಬೇಕಾದ ಒತ್ತಡ ಎಲ್ಲಿಂದ ಬರಬೇಕು?

"ಗ್ಯಾಸ್ ಮಾತ್ರೆ ನುಂಗಿಯೇ ತಗೊಳ್ತೀನಲ್ಲ ತಮ್ಮಾ?"

ಎಲ್ಲರೂ ಹೇಳುವುದು ಇದನ್ನೇ. ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆ ಹೊಟ್ಟೆಹುಣ್ಣಿನ ಅಪಾಯ ತಗ್ಗಿಸುತ್ತದೆ, ಕಿಡ್ನಿಯನ್ನು ಕಾಯುವುದಿಲ್ಲ. ಕಿಡ್ನಿ ಸೋಲುವಾಗ ನೋಯುವುದೂ ಇಲ್ಲ. ಕಾಲು ಊದಿ, ಮೂತ್ರ ಕಮ್ಮಿಯಾಗುವ ಹೊತ್ತಿಗೆ ತಡವಾಗಿರುತ್ತದೆ. ಮೊದಲೇ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಎಷ್ಟಿದೆ ನೋಡಬೇಕು.

"ಹಾಗಾದ್ರೆ ಇಂಜೆಕ್ಷನ್ನೇ ಹಾಕಿಸ್ಕೊಂಡ್ರೆ?"

ಸೊಂಟಕ್ಕೆ ಚುಚ್ಚಿದರೂ ಮದ್ದು ಅದೇ. ರಕ್ತದ ಮೂಲಕ ಜಠರಕ್ಕೂ ಕಿಡ್ನಿಗೂ ತಲುಪುತ್ತದೆ.

"ಅಮ್ಮಾ, ಮಲ ಟಾರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗ್ತಿದೆಯಾ?"

ಅವರು ಚೀಲದ ಬಾಯಿ ಹಿಂಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎರಡು ದಿನದಿಂದ. ಎಲೆಅಡಿಕೆಯದ್ದು ಅಂದ್ಕೊಂಡಿದ್ದೆ."

ಅದು ಜಠರದಲ್ಲಿ ಒಸರಿ, ಜೀರ್ಣವಾಗಿ ಬರುವ ರಕ್ತದ ಬಣ್ಣ. ಆ ಸಂಜೆ ಮಾತ್ರೆ ವ್ಯಾಪಾರ ಆಗಲಿಲ್ಲ. ಅಳಿಯನಿಗೆ ಫೋನ್ ಹೋಯಿತು, ತಾಲ್ಲೂಕು ಆಸ್ಪತ್ರೆಗೆ ಆಟೊ ಬಂತು. ನೋವಿನ ಎರಡೂ ಮಾತ್ರೆ ಅಲ್ಲಿಗೇ ನಿಲ್ಲಿಸಬೇಕು, ಬಿಪಿ ಮಾತ್ರೆಯ ವಿಚಾರ ಡಾಕ್ಟರೇ ಹೇಳಬೇಕು ಎಂದು ಹೇಳಿ, ಬಿಲ್ಲಿನ ಹಿಂದೆ ನಾಲ್ಕರ ಹೆಸರು, ಪ್ರಮಾಣ, ಕೊನೆಯ ಸಲ ನುಂಗಿದ ಹೊತ್ತು ಬರೆದುಕೊಟ್ಟದ್ದಾಯಿತು. ಶೀಟುಗಳೂ ಚೀಲದಲ್ಲೇ ಹೋದವು, ಡಾಕ್ಟರಿಗೆ ತೋರಿಸಲೆಂದು.