ನಾನೀಗ ಗೌರಿ ಕಡೆ

'ಎರಡು ಕನಸು' ಟಿವಿಯಲ್ಲಿ ಬಂದರೆ ನಾನು ಕೈಲಿದ್ದ ಕೆಲಸ ಬಿಟ್ಟು ಕೂತುಬಿಡುತ್ತೇನೆ. 1974ರ ಸಿನಿಮಾ, ವಯಸ್ಸಲ್ಲಿ ನನಗಿಂತ ದೊಡ್ಡದು. ಚಿಕ್ಕವಳಿದ್ದಾಗ ಪಕ್ಕದ ಮನೆಯಲ್ಲಿ ಚಾಪೆ ಮೇಲೆ ಕೂತು ಮೊದಲ ಸಲ ನೋಡಿದ್ದು. ಆಗ ನನಗೆ ಲಲಿತಾ ಪಾತ್ರ ಮಾಡಿದ ಮಂಜುಳಾ ಅಂದ್ರೆ ಪ್ರಾಣ. ರಾಮು, ಲಲಿತಾ ಅಷ್ಟು ಪ್ರೀತಿಸಿದರೂ ಮದುವೆ ಆಗಲಿಲ್ಲವಲ್ಲ ಅಂತ ಬಿಕ್ಕಿ ಬಿಕ್ಕಿ ಅತ್ತಿದ್ದೆ. ರಾಮು ಕಟ್ಟಿಕೊಂಡ ಗೌರಿಯ ಕಡೆ ನನ್ನ ಗಮನವೇ ಹೋಗಿರಲಿಲ್ಲ.

ಈ ಸಲ ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಚಿಕ್ಕಮ್ಮನ ಜೊತೆ ನೋಡಿದೆ. ಚಿಕ್ಕಮ್ಮ ಈ ಕಥೆಯನ್ನು ವಾಣಿಯವರ ಕಾದಂಬರಿಯಲ್ಲೇ ಓದಿದವರು. ಮೊರ ಮುಂದಿಟ್ಟುಕೊಂಡು ಹುಣಸೆಹಣ್ಣಿನ ಬೀಜ ತೆಗೀತಾ ಕೂತಿದ್ದರು. ಗೌರಿ ಹಾಡುವ 'ಪೂಜಿಸಲೆಂದೇ ಹೂಗಳ ತಂದೆ' ಶುರುವಾಯಿತು. ಚಿಕ್ಕಮ್ಮನ ಕೈ ನಿಂತಿತು.

"ಇವಳು ಯಾವ ರಾಮನಿಗೆ ಹೇಳ್ತಿದಾಳೆ ಬಾಗಿಲು ತೆಗಿ ಅಂತ? ನೋಡೇ ಸರಿಯಾಗಿ."

ನೋಡಿದೆ. ಪೂಜೆ ದೇವರಿಗೆ, ಮೊರೆ ಗಂಡನಿಗೆ. ಎಸ್. ಜಾನಕಿ ಎಲ್ಲೂ ದನಿ ಜೋರು ಮಾಡುವುದಿಲ್ಲ. 'ಶರಪಂಜರ'ದಲ್ಲಿ ಮೈಮೇಲೆ ಬಂದವರ ಹಾಗೆ ಅಭಿನಯಿಸಿದ ಕಲ್ಪನಾ ಇಲ್ಲಿ ಗೌರಿಯಾಗಿ ಎಲ್ಲವನ್ನೂ ಕಣ್ಣಿಗೇ ಬಿಟ್ಟಿದ್ದಾರೆ. ಒಂದೇ ಮನೆಯಲ್ಲಿದ್ದೂ ತನ್ನನ್ನು ಕಣ್ಣೆತ್ತಿ ನೋಡದವನಿಗೆ ಹೀಗಲ್ಲದೆ ಇನ್ನು ಹೇಗೆ ಹೇಳಿಯಾಳು? ಚಿ. ಉದಯಶಂಕರ್ ಗಂಡನ ಹೆಸರನ್ನೂ ದೇವರ ಹೆಸರನ್ನೂ ಒಂದೇ ಸಾಲಲ್ಲಿ ಕೂರಿಸಿದ್ದಾರೆ. ರಾಜನ್-ನಾಗೇಂದ್ರ ಎಷ್ಟೋ ಒಳ್ಳೆಯ ಹಾಡು ಕೊಟ್ಟಿದ್ದಾರೆ, ನನಗೆ ಮಾತ್ರ ಇದೇ ಮೇಲು.

ಲಲಿತಾ ಮೇಲೂ ಈಗ ಬೇರೆ ಥರದ ಗೌರವ. ಅವಳು ತನ್ನ ಸಂಸಾರದಲ್ಲಿ ನೆಮ್ಮದಿಯಾಗಿದ್ದಾಳೆ. ಹಳೆಯದನ್ನು ಹೊತ್ತು ತಿರುಗುವವನು ರಾಮು ಒಬ್ಬನೇ. ವಾಣಿಯವರು ಹೆಣ್ಣುಮಕ್ಕಳಿಗೆ ಈ ಗಟ್ಟಿತನ ಕೊಟ್ಟಿದ್ದಾರೆ, ದೊರೆ-ಭಗವಾನ್ ಅದನ್ನು ತೆರೆಯ ಮೇಲೂ ಉಳಿಸಿದ್ದಾರೆ.

ಸಿನಿಮಾ ಮುಗಿದರೂ ಚಿಕ್ಕಮ್ಮನ ಸಿಟ್ಟು ಇಳಿಯಲಿಲ್ಲ. "ಅಷ್ಟು ದಿನ ಅವಳನ್ನ ಕಾಯಿಸಿ, ಕೊನೆಗೆ ಬುದ್ಧಿ ಬಂತು ಅಂದ್ರೆ ಸಾಕಾ?"

ನಾನು ರಾಜ್‌ಕುಮಾರ್ ಪರ ವಾದಿಸಿದೆ. ಅವರ ರಾಮು ಕೆಟ್ಟವನಲ್ಲ, ಮನಸ್ಸನ್ನು ಹಿಂದೆಯೇ ಬಿಟ್ಟುಬಂದು ಒದ್ದಾಡುವವನು, ಆ ಬಿಗಿದ ಮುಖದ ಹಿಂದೆ ಸಂಕಟ ಕಾಣುತ್ತೆ ಅಲ್ವಾ ಅಂದೆ.

"ಕಾಣುತ್ತೆ. ಆದ್ರೆ ಗೌರಿ ಸಂಕಟ ಅವನಿಗೆ ಕಾಣಬೇಕಿತ್ತು" ಅಂದು ಚಿಕ್ಕಮ್ಮ ಮೊರ ಎತ್ತಿಕೊಂಡು ಒಳಗೆ ಹೋದರು.