ಡೇರಿ ಸಾಲಿನಲ್ಲಿ ಕಂಪಣರಾಯ

23 ಜನವರಿ 2025, ಗುರುವಾರ
ಮುಳಬಾಗಿಲು ತಾಲ್ಲೂಕು

ಇವತ್ತು ಸಂಜೆಯೂ ಡೇರಿ ಸಾಲಿನಲ್ಲಿ ಯಾರೂ ಧಾರಾವಾಹಿ ಮಾತೆತ್ತಲಿಲ್ಲ. ನಾಲ್ಕು ದಿನದಿಂದ ಹೀಗೇ. ಕ್ಯಾನು ಮುಂದಕ್ಕೆ ಸರಿಸುವುದು, ಸ್ಯಾಂಪಲ್ ಕೊಡುವುದು, ಫ್ಯಾಟ್ ಎಷ್ಟು ಬಂತು ಅಂತ ಚೀಟಿ ನೋಡುವುದು, ಮನೆ ದಾರಿ ಹಿಡಿಯುವುದು. ಸೋಮವಾರದಿಂದ ಧಾರಾವಾಹಿಯನ್ನು ರಾತ್ರಿ 9 ಗಂಟೆಯಿಂದ ಸಂಜೆ 6ಕ್ಕೆ ಹಾಕಿದ್ದಾರೆ. 6 ಗಂಟೆ ಅಂದರೆ ನಾವೆಲ್ಲ ಹಾಲು ಹಿಡಿದುಕೊಂಡು ಇದೇ ಸಾಲಿನಲ್ಲಿ ನಿಂತಿರುವ ಹೊತ್ತು. ನೋಡಿದ್ದರೆ ತಾನೆ ಮಾತು?

ಅದು ಬುಕ್ಕರಾಯನ ಮಗ ಕಂಪಣ ಮತ್ತು ಅವನ ಹೆಂಡತಿ ಗಂಗಾದೇವಿಯ ಕಥೆ. ಬೇರೆ ಊರಿನವರಿಗೆ ಅದು ಇನ್ನೊಂದು ರಾಜರ ಕಥೆ ಇರಬಹುದು. ನಮಗೆ ಹಾಗಲ್ಲ. ವಿಜಯನಗರದ ಕಾಲದಲ್ಲಿ ನಮ್ಮ ಮುಳಬಾಗಿಲು ದೊಡ್ಡ ಸೀಮೆ. ಶಾಸನಗಳಲ್ಲಿ ಮುಳುವಾಯಿ ಅಂತ ಬರುತ್ತದೆ. ಈ ಸೀಮೆಯನ್ನು ಆಳಿದವನು ಕಂಪಣ. 1371ರ ಹೊತ್ತಿಗೆ ಮಧುರೆಯ ಸುಲ್ತಾನನನ್ನು ಸೋಲಿಸಿದವನೂ ಅವನೇ. ಆ ದಂಡಯಾತ್ರೆಯನ್ನು ಗಂಗಾದೇವಿ ಸಂಸ್ಕೃತದಲ್ಲಿ ‘ಮಧುರಾವಿಜಯ’ ಅಂತ ಕಾವ್ಯ ಮಾಡಿದಳು. ಅದರಲ್ಲಿ ದಂಡು ಬೀಡು ಬಿಡುವ ಊರಿಗೆ ಕಂಟಕಾನನ ಅಂತ ಹೆಸರು. ಕಂಟಕ ಅಂದರೆ ಮುಳ್ಳು, ಆನನ ಅಂದರೆ ಬಾಯಿ, ಮುಖ. ಮುಳುವಾಯಿಯನ್ನೇ ಅವಳು ಸಂಸ್ಕೃತಕ್ಕೆ ತಿರುಗಿಸಿಕೊಂಡಿದ್ದಾಳೆ. ಡಿಗ್ರಿಯಲ್ಲಿ ಹಿಸ್ಟರಿ ಓದುವಾಗ ಮೇಷ್ಟ್ರು ಇದನ್ನು ಬೋರ್ಡಿನ ಮೇಲೆ ಬಿಡಿಸಿ ಬರೆದಿದ್ದರು. ಆವತ್ತು ಬಸ್ಸಿನಲ್ಲಿ ಊರಿಗೆ ಬರುವಾಗ ನಮ್ಮ ಬೆಟ್ಟ, ಬಂಡೆ ಎಲ್ಲ ಬೇರೆ ಥರ ಕಂಡವು.

ಅದಕ್ಕೇ ಈ ಧಾರಾವಾಹಿ ಶುರುವಾಗುತ್ತದೆ ಅಂದಾಗ ನಾನು ಸಾಲಿನಲ್ಲಿದ್ದವರಿಗೆಲ್ಲ ಹೇಳಿದ್ದೆ, ನಮ್ಮೂರು ಬರ್ತದೆ ನೋಡಿ ಅಂತ. ಬರಲೇ ಇಲ್ಲ. ಹಂಪಿಯಲ್ಲಿ ಕುದುರೆ ಹತ್ತಿದ ಕಂಪಣ ಮುಂದಿನ ಕಂತಿನಲ್ಲಿ ಕಂಚಿಯಲ್ಲಿ ಇಳಿದ. ಮಾರನೇ ದಿನ ಮೇಲಿನ ಬೀದಿ ಅಕ್ಕ ಕೇಳಿದರು, “ಏನಮ್ಮಾ, ನಮ್ಮೂರು ಎಲ್ಲಿ ಹೋಯ್ತು?” ನನಗೆ ಉತ್ತರ ಹೊಳೆಯಲಿಲ್ಲ.

ಮೂರು ವಾರದ ಹಿಂದೆ ಕಂಚಿಯ ಸಂತೆ ತೋರಿಸಿದರು. ನಮ್ಮ ಯಜಮಾನರು ಊಟ ಆದಮೇಲೆ ಟಿವಿ ಮುಂದೆ ಚಾಪೆಯಲ್ಲೇ ನಿದ್ದೆ ಹೋಗುವವರು. ಆವತ್ತು ತಟ್ಟನೆ ಎದ್ದು ಕೂತರು. “ಲೇ, ಅದು ನಮ್ಮ ಹಣ್ಣಲ್ವೇನೇ?” ಬಿದಿರು ಬುಟ್ಟಿಯ ತುಂಬ ಟೊಮೆಟೊ. ಅದೂ ನಾಟಿ ಹಣ್ಣಲ್ಲ. ಗಟ್ಟಿ ಸಿಪ್ಪೆಯ, ಕೋಳಿಮೊಟ್ಟೆ ಥರ ಉದ್ದನೆಯ ಹೈಬ್ರಿಡ್. ತೊಟ್ಟಿನ ಹತ್ತಿರ ಇನ್ನೂ ಹಸಿರು ಇತ್ತು. ದೋರಗಾಯಲ್ಲಿ ಕಿತ್ತು, 15 ಕೆಜಿ ಬಾಕ್ಸಿಗೆ ತುಂಬಿ, ವಡ್ಡಹಳ್ಳಿ ಮಾರ್ಕೆಟ್ಟಿಗೆ ನಾವು ಕಳಿಸುತ್ತೇವಲ್ಲ, ಅದೇ ಹಣ್ಣು. ಈ ತಾಲ್ಲೂಕಿನಲ್ಲಿ ಐದು ವರ್ಷದ ಮಗುವೂ ಅದನ್ನು ಗುರುತಿಸುತ್ತದೆ.

ಟೊಮೆಟೊ ಅಮೆರಿಕದಿಂದ ಬಂದದ್ದು. ಮೆಣಸಿನಕಾಯಿ, ಆಲೂಗಡ್ಡೆ, ಕಡ್ಲೆಕಾಯಿ ಎಲ್ಲ ಅಲ್ಲಿನವೇ. ಕೊಲಂಬಸ್ ಆ ಕಡೆ ಹೋಗಿದ್ದು 1492ರಲ್ಲಿ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿದ್ದು 1498ರಲ್ಲಿ. ಕಂಪಣ ಕಂಚಿಯಲ್ಲಿ ಇದ್ದಿದ್ದು ಅದಕ್ಕೆ ನೂರಿಪ್ಪತ್ತು ವರ್ಷ ಮೊದಲು. ಆಗ ಹುಳಿಗೆ ಹುಣಸೆ, ಮಾವಿನಕಾಯಿ. ಖಾರಕ್ಕೆ ಕಾಳುಮೆಣಸು, ಶುಂಠಿ. ‘ಮೆಣಸಿನಕಾಯಿ’ ಅನ್ನೋ ಹೆಸರಿನಲ್ಲೇ ಹಳೇ ಮೆಣಸು ಕೂತಿದೆ ನೋಡಿ. ಬುಟ್ಟಿ ತುಂಬಬೇಕಿದ್ದರೆ ಬದನೆ ಇತ್ತು, ಹಾಗಲ ಇತ್ತು, ಈಗ ನಮ್ಮ ಹೊಲದಲ್ಲಿ ಸೊನೆ ಬಿಡುತ್ತಿರುವ ಅವರೆ ಇತ್ತು. ಯಾವುದೂ ಹೆಚ್ಚು ಖರ್ಚಿನದ್ದಲ್ಲ.

ಮಾರನೇ ಸಂಜೆ ಡೇರಿಯಲ್ಲಿ ಇದೇ ಮಾತು. ಒಂದು ತಿಂಗಳಿನಲ್ಲಿ ಅಷ್ಟು ಜೋರು ಚರ್ಚೆ ನಡೆದೇ ಇರಲಿಲ್ಲ. ಹೂವು ಬೆಳೆಯುವ ಅಣ್ಣ ಒಬ್ಬರು ಹೇಳಿದರು, “ಟೊಮೆಟೊ ಬಿಡಮ್ಮ, ಅರಮನೆ ತುಂಬ ಚೆಂಡು ಹೂ ಕಟ್ಟವ್ರಲ್ಲ, ಅದು ಆಗ ಇತ್ತಾ?” ಇರಲಿಲ್ಲ. ಚೆಂಡು ಹೂವಿನ ಊರು ಮೆಕ್ಸಿಕೊ. ಮಲ್ಲಿಗೆ, ಸಂಪಿಗೆ, ಕಣಗಿಲೆ, ತಾವರೆ ಸಾಲದಾಗಿತ್ತಾ? ಇನ್ನೊಬ್ಬರು ದಂಡು ಹೋಗುವಾಗ ಹಿಂದೆ ಕಂಡ ನೀಲಗಿರಿ ತೋಪಿನ ಮಾತೆತ್ತಿದರು. ನಮ್ಮ ಜಿಲ್ಲೆಯಲ್ಲಿ ನೀಲಗಿರಿ ಹಾಕಿ ನೀರು ಬತ್ತಿಸಿಕೊಂಡವರಿಗೆ ಆ ಮರ ಎಷ್ಟು ದೂರದಲ್ಲಿದ್ದರೂ ಗೊತ್ತಾಗುತ್ತದೆ. ಅದು ಆಸ್ಟ್ರೇಲಿಯಾದ ಮರ.

ಕಲ್ಲಿನ ರಥದ ವಿಷಯವನ್ನು ನಾನೇ ಹೇಳಿದೆ. ಬುಕ್ಕರಾಯ ಅದರ ಮುಂದೆ ನಿಂತು ಮಗನಿಗೆ ಕತ್ತಿ ಕಟ್ಟುತ್ತಾನೆ. ಸೆಕ್ರೆಟರಿ ಮೇಜಿನ ಮೇಲಿದ್ದ 50 ರೂಪಾಯಿ ನೋಟು ತಿರುಗಿಸಿ ತೋರಿಸಿದೆ, ಇದೇ ರಥ ಅಂತ. ಅದು ಕೃಷ್ಣದೇವರಾಯನ ಕಾಲದ್ದು. ಬುಕ್ಕರಾಯ ತೀರಿಕೊಂಡಿದ್ದು 1377ರಲ್ಲಿ, ಕೃಷ್ಣದೇವರಾಯ ಪಟ್ಟಕ್ಕೆ ಬಂದಿದ್ದು 1509ರಲ್ಲಿ. ನೋಟು ಸಾಲಿನ ಕೊನೆವರೆಗೂ ಕೈಯಿಂದ ಕೈಗೆ ಹೋಗಿ ವಾಪಸ್ ಬಂತು.

ಎಲ್ಲರೂ ನನ್ನ ಮಾತು ಒಪ್ಪಲಿಲ್ಲ, ಅದನ್ನೂ ಬರೆಯಬೇಕು. ಮೇಲಿನ ಬೀದಿ ಅಕ್ಕ ಹೇಳಿದರು, “ಕಥೆ ಅಲ್ವಾ, ಬಿಡಮ್ಮ. ಗಂಗಾದೇವಿ ಅತ್ತರೆ ನಮಗೂ ಅಳು ಬರ್ತದೆ. ಅಷ್ಟು ಸಾಕು.” ಅವರ ಮಾತು ಸುಳ್ಳಲ್ಲ. ಗಂಗಾದೇವಿಯೇ ತನ್ನ ಕಾವ್ಯದಲ್ಲಿ ಕಲ್ಪನೆ ಸೇರಿಸಿದ್ದಾಳೆ. ಕಂಪಣನ ಮುಂದೆ ಒಬ್ಬಳು ಹೆಂಗಸು ಬಂದು ನಿಲ್ಲುತ್ತಾಳೆ. ಮಧುರೆಯ ನಾಡು ಹಾಳಾದದ್ದನ್ನು ಹೇಳಿಕೊಳ್ಳುತ್ತಾಳೆ. ಅವನ ಕೈಗೆ ದಿವ್ಯವಾದ ಖಡ್ಗ ಕೊಡುತ್ತಾಳೆ. ಧಾರಾವಾಹಿಯಲ್ಲಿ ಆ ದೃಶ್ಯ ತುಂಬ ಚೆನ್ನಾಗಿತ್ತು. ದೀಪ ಮಾತ್ರ ಇಟ್ಟು ತೆಗೆದಿದ್ದರು, ಹಿಂದೆ ಸಂಗೀತವೂ ಇರಲಿಲ್ಲ. ನಮ್ಮತ್ತೆ ಕೈ ಮುಗಿದರು. ಅದು ನಡೆದದ್ದಾ ಅಂತ ನಾನು ಕೇಳುವುದಿಲ್ಲ. ಕಥೆ ಹೇಳುವವರು ಬೇಕು ಅಂತಲೇ ಸೇರಿಸುವುದು ಬೇರೆ. ನೋಡದೆ ಬಿಟ್ಟಿದ್ದು ಬೇರೆ. ಟೊಮೆಟೊ ಬುಟ್ಟಿ ಯಾರ ಕಲ್ಪನೆಯೂ ಅಲ್ಲ. ಅದನ್ನು ಅಲ್ಲಿ ಇಡುವಾಗ ಒಬ್ಬರೂ ಯೋಚನೆ ಮಾಡಲಿಲ್ಲ, ಅಷ್ಟೇ.

ನನಗೆ ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ನವಿಲುಗರಿ ನೋಡಿ. ಗಂಗಾದೇವಿ ಬರೆಯುವುದನ್ನು ಇಲ್ಲಿತನಕ ಒಂದೇ ಸಲ ತೋರಿಸಿದ್ದಾರೆ. ಕೈಯಲ್ಲಿ ನವಿಲುಗರಿ, ಮುಂದೆ ಮಸಿಕುಡಿಕೆ, ಸುತ್ತಿದ ಬಿಳಿ ಕಾಗದ. ಅವಳ ಕಾಲದಲ್ಲಿ ಕಾವ್ಯ ಬರೆಯುತ್ತಿದ್ದದ್ದು ತಾಳೆಗರಿ ಮೇಲೆ, ಕಂಟ ಅನ್ನೋ ಚೂಪು ಮೊನೆಯ ಕಬ್ಬಿಣದ ಕಡ್ಡಿಯಲ್ಲಿ. ಅಕ್ಷರ ಕೊರೆದು ಮೇಲೆ ಮಸಿ ಒರೆಸಿದರೆ ಗೀರುಗಳಲ್ಲಿ ಕಪ್ಪು ನಿಲ್ಲುತ್ತದೆ. ಅವಳ ಕಾವ್ಯ ನಮಗೆ ಸಿಕ್ಕಿದ್ದೇ ಅಂಥ ಒಂದು ತಾಳೆಗರಿ ಕಟ್ಟಿನಿಂದ, 1916ರಲ್ಲಿ, ತಿರುವನಂತಪುರದಲ್ಲಿ. ಕೆಲವು ಭಾಗ ಕಳೆದುಹೋಗಿದ್ದವು. ಸುಮಾರು ಐನೂರೈವತ್ತು ವರ್ಷ ಯಾರ್ಯಾರೋ ಕಾಪಾಡಿಕೊಂಡು ಬಂದ ಕಾವ್ಯ ಅದು. ಒಬ್ಬ ಹೆಂಗಸು ಆಗಿನ ಕಾಲದಲ್ಲಿ ಕೂತು ಅಕ್ಷರ ಕೊರೆದದ್ದನ್ನು ಹತ್ತಿರದಿಂದ ತೋರಿಸಿದ್ದರೆ ನಮ್ಮ ಮಗಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳಿಗೆ ಪಾಠದಲ್ಲಿ ಗಂಗಾದೇವಿ ಎರಡು ಸಾಲು.

ಇಷ್ಟೆಲ್ಲ ತಪ್ಪು ಹುಡುಕುವವಳು ಯಾಕೆ ನೋಡಬೇಕು ಅಂತ ಕೇಳಬಹುದು. ರಾತ್ರಿ 9 ಅಂದರೆ ನಮ್ಮ ಮನೆಯಲ್ಲಿ ಮುದ್ದೆ ಊಟ ಮುಗಿದು, ಪಾತ್ರೆ ತೊಳೆದು, ದನಕ್ಕೆ ಹುಲ್ಲು ಹಾಕಿ ಎಲ್ಲರೂ ಒಂದು ಕಡೆ ಕೂರುವ ಹೊತ್ತು. ಅತ್ತೆಯವರ ಮನೆಮಾತು ತೆಲುಗು. ಧಾರಾವಾಹಿಯ ಅರಮನೆ ಕನ್ನಡ ಅವರಿಗೆ ಅರ್ಧ ತಿಳಿಯುವುದಿಲ್ಲ. ನಡುನಡುವೆ ನನ್ನ ಮೊಣಕೈ ಹಿಡಿದು ಕೇಳುತ್ತಿದ್ದರು. ನಾನು ತೆಲುಗಿನಲ್ಲಿ ಹೇಳುತ್ತಿದ್ದೆ. ಮಗಳು ನನ್ನ ತೆಲುಗು ತಿದ್ದುತ್ತಿದ್ದಳು. ಆ ಅರ್ಧ ಗಂಟೆ ನಮ್ಮದಾಗಿತ್ತು.

ಈಗ ಆ ಹೊತ್ತಿಗೆ ಹೊಸ ರಿಯಾಲಿಟಿ ಶೋ ಬಂದಿದೆ. ಎಲ್ಲ ಟಿಆರ್‌ಪಿ ಲೆಕ್ಕ ಅಂತಾರೆ. ದೇಶದಲ್ಲಿ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮೀಟರ್ ಇಟ್ಟಿದ್ದಾರೆ. ಯಾರು ಯಾವ ಚಾನೆಲ್ ನೋಡಿದರು ಅಂತ ಅದರಿಂದ ಲೆಕ್ಕ ಹಾಕಿ ವಾರಕ್ಕೊಮ್ಮೆ, ಗುರುವಾರ ಹೇಳುತ್ತಾರೆ. ಹಾಲು ಹಾಕುವ ಹೊತ್ತಿಗೆ ನಮ್ಮೂರಿನ ಟಿವಿಗಳು ಆಫ್ ಆಗಿರುತ್ತವೆ. ಮುಂದೆ, ನೋಡುವವರೇ ಇಲ್ಲ ಅಂತ ಹೇಳಿ ಇದನ್ನು ನಿಲ್ಲಿಸಿಬಿಟ್ಟರೆ? ಮಧುರೆ ಇನ್ನೂ ಬಂದಿಲ್ಲ.

ಮೊಬೈಲಿನಲ್ಲಿ ನೋಡಿ ಅಂತ ಸುಲಭವಾಗಿ ಹೇಳುತ್ತಾರೆ. ಅದಕ್ಕೆ ದುಡ್ಡು ಕಟ್ಟಬೇಕು. ಕಟ್ಟಿದರೂ ಅತ್ತೆಗೆ ಅಷ್ಟು ಸಣ್ಣದರಲ್ಲಿ ಮುಖ ಕಾಣಿಸುವುದಿಲ್ಲ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬರುವಾಗ ಅವರು ಭಾನುವಾರ ಬೆಳಿಗ್ಗೆ ಹಾಲು ಕರೆದು ಮುಗಿಸಿ, ಊರಿಗೆ ಒಂದೇ ಟಿವಿ ಇದ್ದ ಮನೆಯ ಜಗಲಿಯಲ್ಲಿ ಕೂತು ನೋಡಿದ್ದರಂತೆ. “ಆವತ್ತು ಕೆಲಸ ಮುಗಿಸಿ ಹೋದರೆ ಶುರುವಾಗೋದು” ಅಂತ ನೆನೆಸಿಕೊಂಡರು. ಇವತ್ತು ಸಂಜೆ ನಾನು ಕ್ಯಾನು ಎತ್ತಿಕೊಂಡು ಹೊರಡುವಾಗ ಅವರು ಟಿವಿ ಹಾಕಿಕೊಂಡಿದ್ದರು. ವಾಪಸ್ ಬಂದಾಗ ಟಿವಿ ಆಫ್. ಯಾಕೆ ಅಂದರೆ, “ಒಬ್ಬಳೇ ನೋಡಿದ್ರೆ ಏನು ಅರ್ಥ ಆಗ್ತದೆ?” ಅಂದರು.

ಅದಕ್ಕೇ ರಾತ್ರಿ ಕೂತು ಚಾನೆಲ್‌ನವರಿಗೆ ಕಾಗದ ಬರೆದೆ. ಎರಡು ಹಾಳೆ ಆಯಿತು. ಖಡ್ಗದ ದೃಶ್ಯ ಎಷ್ಟು ಹಿಡಿಸಿತು ಅಂತ ಮೊದಲು ಬರೆದೆ. ಆಮೇಲೆ ಟೊಮೆಟೊ, ಚೆಂಡು ಹೂ, ರಥ. ದಂಡು ಮಧುರೆಗೆ ಹೋಗುವ ಮುಂಚೆ ಒಂದು ಸಲ ಹಿಂದಿನದನ್ನು ನೆನೆಯುವ ಹಾಗೆ ಮುಳುವಾಯಿ ತೋರಿಸಿ, ನಮ್ಮ ಬಂಡೆ ಬೆಟ್ಟಗಳು ಹಾಗೇ ಇವೆ, ಸೆಟ್ ಹಾಕುವುದೂ ಬೇಡ ಅಂತ ಬರೆದೆ. ಗಂಗಾದೇವಿ ಕೈಗೆ ಕಂಟ ಕೊಡಿ ಅಂತ ಬರೆದೆ. 9 ಗಂಟೆ ಆಗದಿದ್ದರೆ ರಾತ್ರಿ 10ಕ್ಕಾದರೂ ಅದೇ ಕಂತನ್ನು ಇನ್ನೊಮ್ಮೆ ಹಾಕಿ, ನಾವು ಎದ್ದಿರುತ್ತೇವೆ ಅಂತ ಬರೆದೆ.

ಓದಿ ಹೇಳಿದೆ. ಅತ್ತೆ ಪೆನ್ನು ಕೇಳಿ ಇಸಕೊಂಡು ಕೆಳಗೆ ನಿಧಾನವಾಗಿ ತೆಲುಗು ಅಕ್ಷರದಲ್ಲಿ ಹೆಸರು ಬರೆದರು. ಅದರ ಕೆಳಗೆ ಹನ್ನೆರಡು ಗೆರೆ ಎಳೆದು ಖಾಲಿ ಬಿಟ್ಟಿದ್ದೇನೆ. ಬೆಳಿಗ್ಗೆ ಹಾಲಿಗೆ ಹೋಗುವಾಗ ಮರೆಯದಿರಲಿ ಅಂತ ಕಾಗದ, ಪೆನ್ನು ಎರಡನ್ನೂ ಡೇರಿ ಪಾಸ್‌ಬುಕ್ಕಿನ ಒಳಗೆ ಇಟ್ಟಿದ್ದೇನೆ.